ಒಂದೇ ಬಾಗಿಲು, ಎರಡು ಒಲೆ

ಹೋದ ಭಾನುವಾರ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಹೊಸ ಕನ್ವೆಕ್ಷನ್ ಮೈಕ್ರೋವೇವ್ ಓವನ್ ಬಂದು ಕೂತಿತ್ತು. ನೆತ್ತಿಯ ಮೇಲೆ ಕ್ರೋಶಾ ಹೆಣೆದ ಬಟ್ಟೆ, ಅದರ ಮೇಲೆ ಉಪ್ಪಿನಕಾಯಿ ಜಾಡಿ, ಬೆನ್ನು ಗೋಡೆಗೆ ಅಂಟಿಕೊಂಡಿದೆ. ದಪ್ಪ ಪ್ಲಗ್ಗಿಗೆ ಅಡಾಪ್ಟರ್ ತೊಡಿಸಿ ಮಿಕ್ಸಿಯ ಸಾಕೆಟ್ಟಿಗೇ ಸಿಕ್ಕಿಸಿದ್ದರು. ಕಾಫಿ ಕುಡಿಯುವ ಮೊದಲೇ ಆ ಬಟ್ಟೆ ತೆಗೆಸಿದೆ, ಪ್ಲಗ್ಗು ಕೀಳಿಸಿದೆ. ಮನೆಯೊಡತಿಗೆ ಸ್ವಲ್ಪ ಬೇಸರವಾಯಿತು. ಆದರೂ ಹೇಳದೆ ಬರಲು ಮನಸ್ಸಾಗಲಿಲ್ಲ.

ಮಿಕ್ಸಿಯ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ಹೊರಬಲ್ಲದ್ದು 1400 ವ್ಯಾಟಿಗೂ ಕಡಿಮೆ. ಕನ್ವೆಕ್ಷನ್ ಓವನ್ 2000 ವ್ಯಾಟ್ ಮೀರಿ ಎಳೆಯುವುದುಂಟು. ಸಾಕೆಟ್ಟು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಕಂದುತ್ತದೆ, ಆಮೇಲೆ ಕರಗುತ್ತದೆ. ಅರ್ತಿಂಗ್ ಸರಿಯಿರುವ, 16 ಆಂಪಿಯರಿನ, ಬೇರೆ ಯಾವುದಕ್ಕೂ ಹಂಚಿಕೊಡದ ಸಾಕೆಟ್ಟೇ ಇದಕ್ಕೆ ಬೇಕು. ಮೇಲೂ ಹಿಂದೆಯೂ ಉಸಿರಾಡಲು ಜಾಗ ಬೇಕು. ಎಷ್ಟು ಎಂಬುದನ್ನು ಜೊತೆಗೆ ಬಂದ ಕೈಪಿಡಿಯಲ್ಲಿ ಬರೆದಿರುತ್ತಾರೆ.

ಇಷ್ಟು ಸುಲಭದ ಮಾತು. ನಿಜವಾದ ತೊಡಕು ಒಳಗಿದೆ. ನಾವು ಒಂದು ಯಂತ್ರ ತಂದಿದ್ದೇವೆ ಅಂದುಕೊಳ್ಳುತ್ತೇವೆ. ಆ ಒಂದೇ ಬಾಗಿಲಿನ ಹಿಂದೆ ಇರುವುದು ಎರಡು ಒಲೆ. ಒಂದಕ್ಕೆ ಒಗ್ಗುವ ಪಾತ್ರೆ ಇನ್ನೊಂದಕ್ಕೆ ಶತ್ರು.

ಮೊದಲನೆಯದು ಮೈಕ್ರೋವೇವ್. ರೇಡಾರಿಗಾಗಿ ಬೆಳೆದ ಮ್ಯಾಗ್ನೆಟ್ರಾನ್ ಇದರ ಎದೆ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅದರಿಂದ ಅಡುಗೆ ಮಾಡಬಹುದೆಂದು ಕಂಡುಕೊಂಡ. ಇದು ಪಾತ್ರೆಯನ್ನು ಕಾಯಿಸುವುದಿಲ್ಲ, ಪದಾರ್ಥದೊಳಗಿನ ನೀರನ್ನು ಕಾಯಿಸುತ್ತದೆ. ನೋಡಬೇಕೆಂದರೆ ಒಂದು ಉದ್ದಿನ ಹಪ್ಪಳ ಒಳಗಿಟ್ಟು ಗಾಜಿನಾಚೆ ಕಣ್ಣಿಡಿ. ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ನಾಲ್ಕಾಣೆಯಷ್ಟಗಲ ಬೆಳ್ಳಗೆ ಗುಳ್ಳೆ ಏಳುತ್ತದೆ, ಸ್ವಲ್ಪ ದೂರದಲ್ಲಿ ಇನ್ನೊಂದು. ನಡುವಿನ ಜಾಗ ಇನ್ನೂ ಹಸಿ. ತಟ್ಟೆ ತಿರುಗುತ್ತಿದ್ದರೂ ಅಷ್ಟೇ. ಅಲೆಗಳು ಒಳಗೆ ಸಮನಾಗಿ ಹರಡುವುದಿಲ್ಲ ಎಂಬುದನ್ನು ಹಪ್ಪಳ ಬರೆದು ತೋರಿಸುತ್ತದೆ.

ನಿನ್ನೆಯ ಅನ್ನ ಬಿಸಿ ಮಾಡುವಾಗಲೂ ಒಳಗೆ ನಡೆಯುವುದು ಇದೇ, ನಮಗೆ ಕಾಣುವುದಿಲ್ಲ ಅಷ್ಟೆ. ಅಂಚಿನಲ್ಲಿ ಬಾಯಿ ಸುಡುತ್ತದೆ, ನಡುವೆ ತಣ್ಣಗಿರುತ್ತದೆ. ಆ ತಣ್ಣನೆಯ ಜಾಗದಲ್ಲಿ ಸೂಕ್ಷ್ಮಜೀವಿಗಳು ಬದುಕಿ ಉಳಿಯುತ್ತವೆ. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳವನ್ನು ಸಡಿಲವಾಗಿಟ್ಟು, ನಡುವೆ ಒಮ್ಮೆ ತೆಗೆದು ಕಲಸಿ, ಮುಗಿದ ಮೇಲೆ ಎರಡು ನಿಮಿಷ ಹಾಗೇ ಬಿಡಿ. ಇಡೀ ಅನ್ನ ಹಬೆಯಾಡುವಷ್ಟು, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟು, ಬಿಸಿಯಾಗಬೇಕು. ರಾತ್ರಿಯಿಡೀ ಹೊರಗೇ ಉಳಿದ ಅನ್ನವನ್ನು ಮಾತ್ರ ಯಾವ ಒಲೆಯೂ ಸರಿಮಾಡಲಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಎರಡನೆಯದು ಕನ್ವೆಕ್ಷನ್. ಕಾಯಿಲ್ ಕಾಯುತ್ತದೆ, ಫ್ಯಾನ್ ಬಿಸಿಗಾಳಿಯನ್ನು ಸುತ್ತಿಸುತ್ತದೆ. ನಮ್ಮ ಬೇಕರಿಯವರ ಭಟ್ಟಿಯ ತಮ್ಮ ಅನ್ನಿ. ಇಲ್ಲಿ ಅಲ್ಯೂಮಿನಿಯಂ ಕೇಕ್ ಟಿನ್ ಇಡಬಹುದು, ಸ್ಟೀಲ್ ತಟ್ಟೆ ಇಡಬಹುದು. ಅದೇ ಟಿನ್ನನ್ನು ಮೈಕ್ರೋವೇವಿನಲ್ಲಿ ಇಟ್ಟರೆ ಅಲೆಗಳು ಅದಕ್ಕೆ ಬಡಿದು ಹಿಂತಿರುಗುತ್ತವೆ. ಫಾಯಿಲ್ ಚೂರು, ಬಂಗಾರದ ಗೆರೆಯ ಪಿಂಗಾಣಿ ಬಟ್ಟಲು ಇದ್ದರಂತೂ ಪಟಪಟ ಕಿಡಿ ಹಾರುತ್ತದೆ. ಇತ್ತ, ‘ಮೈಕ್ರೋವೇವ್ ಸೇಫ್’ ಎಂದು ಬರೆದ ಪ್ಲಾಸ್ಟಿಕ್ ಡಬ್ಬಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದು. ಅದು 160 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಾವು ಕೇಕ್ ಬೇಯಿಸುವುದು 180ರಲ್ಲಿ.

ಇದನ್ನು ನಾನು ಕಲಿತದ್ದು ವರ್ಷಗಳ ಹಿಂದೆ, ಒಂದು ಸಂಜೆ. ಬ್ರೆಡ್ಡು ಬೇಯಿಸಿ ತೆಗೆದ ಹತ್ತು ನಿಮಿಷಕ್ಕೆ ಪಲ್ಯದ ಡಬ್ಬಿ ಒಳಗಿಟ್ಟೆ. ಒತ್ತಿದ್ದು ಮೈಕ್ರೋವೇವ್ ಗುಂಡಿಯನ್ನೇ. ಆದರೆ ಬಿಸಿಗಾಳಿಗಿಟ್ಟಿದ್ದ ಲೋಹದ ತಟ್ಟೆ ಒಳಗೇ ಉಳಿದಿತ್ತು, ಇನ್ನೂ ಕೆಂಡದ ಹಾಗೆ ಕಾದಿತ್ತು. ಡಬ್ಬಿಯ ತಳ ಮೆತ್ತಗಾಗಿ ಅದಕ್ಕೆ ಹತ್ತಿಕೊಂಡಿತು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಆ ಪಲ್ಯವನ್ನು ಚೆಲ್ಲಿದೆ. ಗುಂಡಿ ಬದಲಾಯಿಸಿದ ಮಾತ್ರಕ್ಕೆ ಒಲೆ ಬದಲಾಗುವುದಿಲ್ಲ, ಅದು ತಣಿಯಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಈಗ ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿನ ಬಟ್ಟಲುಗಳೇ ಹೆಚ್ಚು. ಎರಡೂ ಒಲೆಗೆ ನಡೆಯುತ್ತವೆ, ಎರಡನ್ನೂ ಬೆರೆಸಿದ ಕಾಂಬಿನೇಷನ್ನಿಗೂ. ಗಾಜಿಗೂ ಒಂದು ಭಯವಿದೆ: ಓವನ್ನಿನಿಂದ ತೆಗೆದದ್ದನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಸೀಳಬಹುದು. ಮರದ ಹಲಗೆ ಮೊದಲೇ ಹಾಕಿಡಿ.

ತೆಗೆಯುವ ಕೈಯ ಬಗ್ಗೆಯೂ ಹೇಳಬೇಕು. ನಮ್ಮದು ಇಕ್ಕಳದ ಕೈ. ಸ್ಟೀಲ್ ಪಾತ್ರೆಯ ಅಂಚನ್ನು ಇಕ್ಕಳ ಕಚ್ಚಿ ಹಿಡಿಯುತ್ತದೆ; ದಪ್ಪ ಗಾಜಿನ ಬಟ್ಟಲಿನ ಮೇಲೆ ಜಾರುತ್ತದೆ. ಮಸಿಬಟ್ಟೆ ಒದ್ದೆಯಿದ್ದರೆ ಅದರ ನೀರೇ ಹಬೆಯಾಗಿ ಬೆರಳು ಸುಡುತ್ತದೆ. ಮೊಣಕೈವರೆಗೆ ಬರುವ ಒಣಗಿದ ದಪ್ಪ ಕೈಗವಸೇ ಬೇಕು, ಎರಡು ಕೈಗೂ.

ಒಂದು ಲೋಟ ನೀರಿನ ಬಗ್ಗೆ ಜನ ಯಾಕೆ ಎಚ್ಚರ ವಹಿಸುವುದಿಲ್ಲವೋ! ನುಣುಪಾದ ಲೋಟದಲ್ಲಿ ಬರೀ ನೀರನ್ನು ಮೈಕ್ರೋವೇವಿನಲ್ಲಿ ಹೆಚ್ಚು ಹೊತ್ತು ಇಟ್ಟರೆ, ಅದು 100 ಡಿಗ್ರಿ ದಾಟಿದರೂ ಒಂದು ಗುಳ್ಳೆಯೂ ಏಳದೆ ಸುಮ್ಮನಿರಬಹುದು. ಕಾಫಿಪುಡಿ ಹಾಕಿದಿರೋ, ಚಮಚ ಅದ್ದಿದಿರೋ, ಒಮ್ಮೆಲೇ ಉಕ್ಕಿ ಮುಖಕ್ಕೆ ಎರಚುತ್ತದೆ. ಮೊದಲೇ ಮರದ ಕಡ್ಡಿಯೊಂದನ್ನು ಲೋಟದಲ್ಲಿ ನಿಲ್ಲಿಸಿಡಿ, ತೆಗೆಯುವ ಮುಂಚೆ ಅರ್ಧ ನಿಮಿಷ ಕಾಯಿರಿ. ಚಿಪ್ಪಿನ ಮೊಟ್ಟೆ ಬೇಡವೇ ಬೇಡ. ಇಡಿಯ ಬದನೆಕಾಯಿ, ಆಲೂಗಡ್ಡೆಗೆ ನಾಲ್ಕು ಕಡೆ ಚುಚ್ಚಿ. ಶೇಂಗಾ ಹುರಿಯುವವರು ಒಂದೊಂದೇ ನಿಮಿಷ ಇಟ್ಟು ಕೈಯಾಡಿಸಿ. ಹೊರಗೆ ಬೆಳ್ಳಗಿದ್ದಾಗಲೇ ಒಳಗೆ ಕರಿಕಾಗಿರುತ್ತದೆ, ತೆಗೆದ ಮೇಲೂ ಬೇಯುತ್ತಿರುತ್ತದೆ. ಎಣ್ಣೆಯಲ್ಲಿ ಕರಿಯುವ ಯೋಚನೆ ಬಿಟ್ಟುಬಿಡಿ.

ಒಳಗೆ ಬೆಂಕಿ ಕಂಡರೆ ಕೈ ತಾನಾಗಿ ಬಾಗಿಲಿಗೆ ಹೋಗುತ್ತದೆ. ತೆರೆಯಬೇಡಿ. ಗೋಡೆಯ ಸ್ವಿಚ್ ಆರಿಸಿ, ಗಾಳಿ ಸಿಗದೆ ಬೆಂಕಿ ಸಾಯಲಿ. ಬಾಗಿಲು ಸೊಟ್ಟಗಾದರೆ, ಸರಿಯಾಗಿ ಕೂರದಿದ್ದರೆ ಬಳಸಬೇಡಿ. ಕೆಟ್ಟಾಗ ಮಿಕ್ಸಿ ರಿಪೇರಿಯವರ ಕೈಗೆ ಕೊಡಬೇಡಿ. ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಇನ್ನು, ಓವನ್ನಿನೊಳಗೆ ಪಕ್ಕದ ಗೋಡೆಯಲ್ಲಿ ರಟ್ಟಿನಂಥ ಒಂದು ತೆಳು ಹಾಳೆ ಕಾಣುತ್ತದಲ್ಲ, ಪ್ಯಾಕಿಂಗ್ ಎಂದು ಕೀಳಬೇಡಿ, ಅದು ಅಭ್ರಕ. ಅದರ ಮೇಲೆ ಸಾರು, ತುಪ್ಪ ಸಿಡಿದು ಕರಕಲಾದರೆ ಅಲ್ಲಿಂದಲೇ ಕಿಡಿ ಹುಟ್ಟುತ್ತದೆ. ಓವನ್ ತಣ್ಣಗಾದಾಗ ಒದ್ದೆ ಬಟ್ಟೆ ಹಿಂಡಿ ಮೆಲ್ಲಗೆ ಒರೆಸಿ.

ನೆಂಟರ ಮನೆಯಲ್ಲಿ ಸಂಜೆ, ಓವನ್ನನ್ನು 16 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಿ, ಎಲ್ಲರೂ ಸೇರಿ ಬಾಳೆಹಣ್ಣಿನ ಕೇಕ್ ಮಾಡಿದೆವು. ಟಿನ್ ಹೊರಗೆ ಬಂತು, ಅಡುಗೆಮನೆಯೆಲ್ಲ ಏಲಕ್ಕಿ ಘಮ. ಮನೆಯ ಹುಡುಗ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚಿಗೆ ಕೈಹಾಕಿದ. ಅವನ ಕೈ ಹಿಡಿದೆ. ಒಳಗೆ ಫ್ಯಾನ್ ಇನ್ನೂ ಸುತ್ತುತ್ತಿತ್ತು, ಬಿಸಿಯನ್ನು ಹೊರಗೆ ಹಾಕುತ್ತಿತ್ತು. ಅದು ತಾನಾಗಿ ನಿಲ್ಲುವವರೆಗೆ ನಾವಿಬ್ಬರೂ ಪಕ್ಕದಲ್ಲೇ ನಿಂತೆವು.