ಮೊದಲು ಕೊಕ್ಕು, ಕೊನೆಗೆ ಬಣ್ಣ

ಚಳಿಗಾಲದಿಂದ ಮೇ ತಿಂಗಳವರೆಗೆ ಮುಂಬೈ ಬಳಿಯ ಠಾಣೆ ಖಾಡಿಯ ದಂಡೆಯ ಶಿವಡಿ, ಐರೋಲಿ, ನೆರೂಳ್‌ಗಳ ಕೆಸರುಬಯಲಲ್ಲಿ ನೆರೆಯುವ ಫ್ಲೆಮಿಂಗೊಗಳೆಲ್ಲ ಹೊಸಬರ ಕಣ್ಣಿಗೆ ಒಂದೇ ಹಕ್ಕಿ. ಅಲ್ಲಿರುವುದು ಎರಡು ಜಾತಿ: ದೊಡ್ಡ ರಾಜಹಂಸ, ಸಣ್ಣ ರಾಜಹಂಸ. ಕಡುಗುಲಾಬಿಯಾದರೆ ಸಣ್ಣದು, ಬಿಳಿಚಿದ್ದರೆ ದೊಡ್ಡದು ಎಂಬ ಮಾತು ಸುಳ್ಳಲ್ಲ. ಆದರೆ ಅದೊಂದನ್ನೇ ನೆಚ್ಚಿದವರು ಎಡವುತ್ತಾರೆ. ಆ ಗುಲಾಬಿ ತಿಂದ ಆಹಾರದಲ್ಲಿರುವ ಕ್ಯಾರೊಟಿನಾಯ್ಡ್‌ಗಳಿಂದ ಬರುವಂಥದ್ದು; ವಯಸ್ಸು, ಮೇವು ನೋಡಿ ಏರುತ್ತದೆ, ಇಳಿಯುತ್ತದೆ. ಎಳೆಯ ಹಕ್ಕಿಗಳಂತೂ ಎರಡು ಜಾತಿಯಲ್ಲೂ ಬೂದುಗಂದು. ಸಂಜೆಬಿಸಿಲು ಬಿದ್ದರೆ ಬಿಳಿಯದೂ ಕೆಂಪೇರುತ್ತದೆ. ಬಣ್ಣ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಮುಂಬೈ ತೀರದಲ್ಲೇ ಇನ್ನೊಂದು ಸಾಕ್ಷಿಯಿದೆ. ಬೆಳ್ಳಕ್ಕಿಯ ಬಳಗದ ರೀಫ್ ಈಗ್ರೆಟ್‌ಗಳಲ್ಲಿ ಒಂದು ಅಚ್ಚ ಬಿಳಿ, ಇನ್ನೊಂದು ಸ್ಲೇಟಿನ ಕಪ್ಪು. ಜಾತಿ ಮಾತ್ರ ಒಂದೇ.

ಹಾಗಾದರೆ ಹಿಡಿಯಬೇಕಾದದ್ದು ಏನನ್ನು? ಹಕ್ಕಿಯ ಕೊಕ್ಕನ್ನು, ಆ ಕೊಕ್ಕು ಮಾಡುವ ಕೆಲಸವನ್ನು. ಬೆಳೆದ ದೊಡ್ಡ ರಾಜಹಂಸದ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಸಣ್ಣದರದ್ದು ಕಡುಗೆಂಪು, ದೂರಕ್ಕೆ ಇಡಿಯಾಗಿ ಕಪ್ಪು. ಕೊಕ್ಕಿನೊಳಗಿನ ಜರಡಿಯೂ ಬೇರೆ. ಸಣ್ಣ ರಾಜಹಂಸದ್ದು ಬಹಳ ನವಿರು. ನೀಲಿಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳನ್ನು ಸೋಸುವಂಥದ್ದು. ಹಾಗಾಗಿ ಅದು ಹೆಚ್ಚಾಗಿ ನೀರಿನ ಮೇಲ್ಪದರದಲ್ಲೇ ಕೊಕ್ಕಾಡಿಸುತ್ತ ನಡೆಯುತ್ತದೆ. ದೊಡ್ಡದಕ್ಕೆ ಸಿಗಡಿ, ಹುಳು, ಚಿಪ್ಪುಜೀವಿ ಬೇಕು. ಅದು ಕಾಲಿನಿಂದ ಕೆಸರು ಕದಡುತ್ತದೆ, ತಲೆಯನ್ನು ಪೂರ್ತಿ ಮುಳುಗಿಸಿ ತಳ ಸೋಸುತ್ತದೆ. ಹೀಗೆ ನಡೆಯಿಂದ ಗುರುತು ಹಿಡಿಯುವುದು ಸಂಗೀತ ಕೇಳುವವರಿಗೆ ಹೊಸದಲ್ಲ. ಭೂಪ್, ದೇಶಕಾರ್ ರಾಗಗಳೆರಡಕ್ಕೂ ಅವೇ ಐದು ಸ್ವರ. ರಾಗ ತಿಳಿಯುವುದು ಸ್ವರಗಳ ಪಟ್ಟಿಯಿಂದಲ್ಲ, ಚಲನೆಯಿಂದ.

ಗಾತ್ರ ನೋಡಿದರೆ ಸಾಲದೇ ಎಂದು ಕೇಳಬಹುದು. ಒಂದು ಸುಮಾರು 90 ಸೆಂಟಿಮೀಟರ್, ಇನ್ನೊಂದು 120ಕ್ಕೂ ಮಿಕ್ಕಿ ಎತ್ತರ, ನಿಜ. ಜೊತೆಯಲ್ಲಿ ನಿಂತಾಗ ಸಾಕು. ಮೊಣಕಾಲವರೆಗೆ ಹೂತ ಒಂಟಿ ಹಕ್ಕಿಯನ್ನು ಬಯಲಲ್ಲಿ ಯಾವುದಕ್ಕೆ ಹೋಲಿಸುವುದು? ಕ್ಯಾಮೆರಾ ಇದೆಯಲ್ಲ ಎನ್ನುವವರಿಗೂ ಉತ್ತರವಿದೆ: ಚಿತ್ರದಲ್ಲಿ ಬಣ್ಣ ಉಳಿಯುತ್ತದೆ, ನಡಿಗೆ ಉಳಿಯುವುದಿಲ್ಲ. ಹೆಸರಿನ ಹಂಗೇಕೆ, ಚೆಲುವು ಸಾಲದೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಆದರೆ ಒಂದೇ ಖಾಡಿಯಲ್ಲಿ ಒಂದು ಹಕ್ಕಿ ಮೇಲ್ನೀರನ್ನು, ಇನ್ನೊಂದು ತಳವನ್ನು ನಂಬಿ ಅಕ್ಕಪಕ್ಕ ಬದುಕುತ್ತಿರುವುದೂ ಚೆಲುವೇ. ಬರೀ ಗುಲಾಬಿ ನೋಡಿ ಮರಳಿದವರಿಗೆ ಅದು ಸಿಕ್ಕಿರುವುದಿಲ್ಲ. 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸರ್ ತಾಣವಾದ ಠಾಣೆ ಖಾಡಿಯಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಆ ಕೆಸರನ್ನು ಎಂಬುದೂ ಅದು ಕಂಡಾಗಲೇ ಅರ್ಥವಾಗುವುದು.

ಹೊರಡುವ ಮುನ್ನ ಉಬ್ಬರದ ವೇಳೆ ನೋಡಿಕೊಳ್ಳಿ. ನೀರು ಪೂರ್ತಿ ಇಳಿದಾಗ ಹಕ್ಕಿ ದೂರ ಹೋಗಿರುತ್ತದೆ. ಏರುತ್ತಿರುವಾಗ ದಡದತ್ತ ಸರಿಯುತ್ತದೆ. ಹಿಂಡಿನಿಂದ ಒಂದೇ ಹಕ್ಕಿಯನ್ನು ಆರಿಸಿಕೊಂಡು, ಹತ್ತು ನಿಮಿಷ ಅದರ ಕೊಕ್ಕನ್ನಷ್ಟೇ ನೋಡಿ.