ಹೊಸ ಹುಟ್ಟು, ಹೊಸ ಸೃಷ್ಟಿ: ಬೈಬಲಿನ ನವೀಕರಣ ವಾಕ್ಯಗಳ ಕನ್ನಡ ಓದು

ಮನುಷ್ಯನ ಹಾಗೂ ಲೋಕದ ನವೀಕರಣವನ್ನು ಕುರಿತ ಬೈಬಲಿನ ವಾಕ್ಯಗಳನ್ನು ಒಪ್ಪದ ಕ್ರೈಸ್ತ ಪರಂಪರೆಯಿಲ್ಲ. ಅವುಗಳ ಅರ್ಥದ ಬಗ್ಗೆ ಒಮ್ಮತವೂ ಇಲ್ಲ. ನವೀಕರಣ ಯಾವಾಗ ನಡೆಯುತ್ತದೆ, ಯಾವುದರಿಂದ ನಡೆಯುತ್ತದೆ ಎಂಬುದೇ ವಿವಾದದ ತಿರುಳು. ಶಿಶುವಿಗೆ ಕೊಟ್ಟ ಸ್ನಾನ ಸಾಕೇ, ಬೆಳೆದವನ ನಂಬಿಕೆ ಬೇಕೇ ಎಂಬ ಪ್ರಶ್ನೆ ಸಭೆಗಳನ್ನೇ ಒಡೆದಿದೆ. ಕನ್ನಡದಲ್ಲಿ ಈ ವಿವಾದಕ್ಕೆ ಅನುವಾದದ ಆಯಾಮವೂ ಸೇರಿಕೊಂಡಿದೆ.

ಪೌಲನ ಹೆಸರಿನಲ್ಲಿರುವ ತೀತನ ಪತ್ರದ ಮೂರನೆಯ ಅಧ್ಯಾಯದ ಐದನೆಯ ವಾಕ್ಯ ಇದಕ್ಕೆ ಉತ್ತಮ ನಿದರ್ಶನ. ಗ್ರೀಕ್ ಮೂಲದಲ್ಲಿ ಸ್ನಾನ, ಮರುಹುಟ್ಟು, ಪವಿತ್ರಾತ್ಮನ ನವೀಕರಣ ಎಂಬ ಮೂರು ಪದಗಳು ಒಂದೇ ಉಪಸರ್ಗಕ್ಕೆ ಅಧೀನವಾಗಿವೆ. ಸ್ನಾನದಲ್ಲಿಯೇ ಮರುಹುಟ್ಟೂ ನವೀಕರಣವೂ ಲಭಿಸುತ್ತವೆ ಎಂದು ಓದಬಹುದು. ಸ್ನಾನ ಒಂದು, ಆತ್ಮನ ಕಾರ್ಯ ಇನ್ನೊಂದು ಎಂದೂ ಓದಬಹುದು. ವ್ಯಾಕರಣ ಎರಡಕ್ಕೂ ಎಡೆಗೊಡುತ್ತದೆ.

ಕಥೋಲಿಕ ಮತ್ತು ಆರ್ಥೊಡಾಕ್ಸ್ ಪರಂಪರೆಗಳು ಮೊದಲನೆಯ ಓದನ್ನು ಹಿಡಿದಿವೆ. ನೀತಿವಂತಿಕೆಯೆಂದರೆ ಪಾಪಕ್ಷಮೆಯಷ್ಟೇ ಅಲ್ಲ, ಅಂತರಂಗದ ನವೀಕರಣವೂ ಹೌದು ಎಂದು 1547ರಲ್ಲಿ ಟ್ರೆಂಟ್ ಸಮ್ಮೇಳನ ಘೋಷಿಸಿತು. ಸುಧಾರಣಾವಾದಿಯಾದ ಲೂಥರನೂ 1529ರ ಕಿರು ಪ್ರಶ್ನೋತ್ತರ ಗ್ರಂಥದಲ್ಲಿ ಇದೇ ವಾಕ್ಯವನ್ನು ಸ್ನಾನಸಂಸ್ಕಾರದ ಸಮರ್ಥನೆಗೆ ಬಳಸಿದನು. ಕಾಲ್ವಿನನು ನವಜನ್ಮವನ್ನು ಬದುಕಿನುದ್ದಕ್ಕೂ ಸಾಗುವ ಪಶ್ಚಾತ್ತಾಪವೆಂದು ವಿವರಿಸಿದನು. ಹೊಸ ಹುಟ್ಟೂ ಸ್ನಾನವೂ ಒಂದೇ ಅಲ್ಲವೆಂದ ಜಾನ್ ವೆಸ್ಲಿಯು ಆ ಹುಟ್ಟನ್ನು ಪಾವನತೆಯ ಆರಂಭವೆಂದು ಭಾವಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಪೆಂತೆಕೊಸ್ತ ಚಳುವಳಿಯು ಹೊಸ ಹುಟ್ಟಿನ ನಂತರ ಪವಿತ್ರಾತ್ಮನ ಸ್ನಾನವೆಂಬ ಮತ್ತೊಂದು ಅನುಭವವನ್ನು ನಿರೀಕ್ಷಿಸಿತು.

ಈ ಭೇದಗಳು ಕರ್ನಾಟಕಕ್ಕೆ ಹೊರಗಿನವಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತು. ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿತು. 1988ರಲ್ಲಿ ರಚಿತವಾದ ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ ದಾವಣಗೆರೆ ಪ್ರದೇಶವೂ ಇದೆ. ಹೀಗೆ ಬೇರೆ ಬೇರೆ ಓದುಗಳು ಇಲ್ಲಿ ನೆರೆಹೊರೆಯಲ್ಲಿ ಬಾಳಿವೆ.

ಈ ನೆರೆಹೊರೆಯ ಗುರುತು ಪದಗಳಲ್ಲಿಯೇ ಉಳಿದಿದೆ. ಕನ್ನಡ ಕಥೋಲಿಕರ ಹಳೆಯ ಪದ ‘ಜ್ಞಾನಸ್ನಾನ’, ಪ್ರೊಟೆಸ್ಟೆಂಟರದು ‘ದೀಕ್ಷಾಸ್ನಾನ’. ಮೊದಲನೆಯದು ಈ ಸಂಸ್ಕಾರವನ್ನು ‘ಬೆಳಗುವಿಕೆ’ ಎಂದು ಕರೆದ ಆದಿಸಭೆಯ ರೂಢಿಗೆ ಹತ್ತಿರವಾಗಿದೆ. ಎರಡನೆಯದು ಈ ನೆಲದ ದೀಕ್ಷಾ ಪರಂಪರೆಯನ್ನು ನೆನಪಿಸುತ್ತದೆ. ಕೆರೆಬಿಳಚಿಯನ್ನೊಳಗೊಂಡ ಚನ್ನಗಿರಿ ಸೀಮೆಯಂತಹ, ವೀರಶೈವ ಮಠಗಳ ಪ್ರಭಾವವಿರುವ ಪ್ರದೇಶದಲ್ಲಿ ದೀಕ್ಷೆಯೆಂದರೆ ಲಿಂಗದೀಕ್ಷೆ. ಅದನ್ನು ಪಡೆದವನು ಪುನರ್ಜಾತ, ಅವನ ಪೂರ್ವಜಾತಿಯನ್ನು ಕೇಳಲಾಗದು ಎಂಬುದು ಅಲ್ಲಿನ ತತ್ತ್ವ. ಈ ಅರ್ಥಛಾಯೆ ಕ್ರೈಸ್ತ ಓದಿಗೆ ಲಾಭವೇ ಹೊರತು ನಷ್ಟವಲ್ಲ. ಹೊಸ ಹುಟ್ಟು ಹಳೆಯ ಜಾತಿಯನ್ನು ಉಳಿಸಿಕೊಂಡಿತೆಂದರೆ ಅದು ಹೊಸತೇ ಎಂಬ ಪ್ರಶ್ನೆಯನ್ನು ಅದು ಎಲ್ಲ ಸಭೆಗಳ ಮುಂದಿಡುತ್ತದೆ.

‘ಪುನರ್ಜನ್ಮ’ ಎಂಬ ಪದದ ಕಥೆ ಬೇರೆ. ಅದು ಕರ್ಮಫಲದ ಜನ್ಮಾಂತರವನ್ನು ಸೂಚಿಸುವ ಪದ. ಗ್ರೀಕಿನ ‘ಪಾಲಿಂಗೆನೆಸಿಯ’ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ತೀತನ ಪತ್ರದಲ್ಲಿ ವ್ಯಕ್ತಿಗಳ ಮರುಹುಟ್ಟಿಗೆ, ಮತ್ತಾಯನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಲೋಕದ ಮರುಸೃಷ್ಟಿಗೆ. ಬಹುಕಾಲದಿಂದ ಬಳಕೆಯಲ್ಲಿರುವ ‘ಸತ್ಯವೇದವು’ ಮೊದಲನೆಯದನ್ನು ‘ಪುನರ್ಜನ್ಮ’ ಎಂದೂ ಎರಡನೆಯದನ್ನು ‘ಹೊಸ ಸೃಷ್ಟಿ’ ಎಂದೂ ಕನ್ನಡಿಸಿದೆ. ಸಂದರ್ಭಕ್ಕೆ ಇದು ಒಪ್ಪುತ್ತದೆ. ಆದರೆ ಎರಡೂ ಒಂದೇ ಪದವೆಂಬುದು ಕನ್ನಡ ಓದುಗನಿಗೆ ಕಾಣದೆ ಹೋಗುತ್ತದೆ. ಒಬ್ಬನ ಬದಲಾವಣೆಯೂ ಲೋಕದ ಬದಲಾವಣೆಯೂ ಒಂದೇ ಕ್ರಿಯೆಯ ಎರಡು ತುದಿಗಳೆಂಬ ಅರಿವು ಮಸುಕಾಗುತ್ತದೆ. ರೋಮಾಪುರದವರ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಪೌಲನ ಕರೆ ಬಹುವಚನದಲ್ಲಿದೆ, ನಿರಂತರತೆಯನ್ನು ಸೂಚಿಸುವ ಕ್ರಿಯಾರೂಪದಲ್ಲಿದೆ ಎಂಬುದೂ ಇಲ್ಲಿ ಗಮನಾರ್ಹ.

1999ರಲ್ಲಿ ಲೂಥರನ್ ಒಕ್ಕೂಟವೂ ಕಥೋಲಿಕ ಸಭೆಯೂ ನೀತಿವಂತಿಕೆಯ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥಡಿಸ್ಟರು ಅದಕ್ಕೆ ಸಮ್ಮತಿಸಿದರು. ಕ್ಷಮೆ ಮತ್ತು ನವೀಕರಣವನ್ನು ಬೇರ್ಪಡಿಸಲಾಗದು ಎಂಬುದು ಅದರ ಸಾರಗಳಲ್ಲೊಂದು. ಆದರೂ ನವೀಕರಣದ ‘ಕ್ಷಣ’ವನ್ನು ಹುಡುಕುವ ಚರ್ಚೆ ಮುಗಿದಿಲ್ಲ. ಸಂಸ್ಕಾರವನ್ನು ಒತ್ತಿ ಹೇಳುವ ಓದು ದೇವರ ಕೊಡುಗೆಯನ್ನು ಕಾಯುತ್ತದೆ. ಅನುಭವವನ್ನು ಒತ್ತಿ ಹೇಳುವ ಓದು ಮನುಷ್ಯನ ಹೊಣೆಯನ್ನು ಎಚ್ಚರಿಸುತ್ತದೆ. ಎರಡೂ ವ್ಯಕ್ತಿಯಲ್ಲಿಯೇ ನಿಂತುಬಿಟ್ಟರೆ ಮತ್ತಾಯನ ವಾಕ್ಯ ಅನಾಥವಾಗುತ್ತದೆ. ಆ ಕೊಂಡಿಯನ್ನು ಅಡಿಟಿಪ್ಪಣಿಯ ಮೂಲಕವಾದರೂ ಓದುಗನಿಗೆ ತೋರಿಸುವುದು ಮುಂದಿನ ಕನ್ನಡ ಅನುವಾದಗಳ ಹೊಣೆ.