ಅಕ್ಷರಕ್ಕೆ ಅಕ್ಷರ ಒಂದೇ ಸಾಲು

ಗೂಢಲಿಪಿಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ, ಗುಪ್ತ ಕೀಲಿಗಳಿಗೆ ಬೇಕಾದ ರ್‍ಯಾಂಡಮ್ ಸಂಖ್ಯೆ ಹುಟ್ಟಿಸುವ ಕಡತವೊಂದಿತ್ತು. ಅದರಲ್ಲಿ ಒಂದೇ ಸಾಲು ಅಕ್ಷರಕ್ಕೆ ಅಕ್ಷರ ಎರಡು ಕಡೆ ಬರುತ್ತಿತ್ತು. ಒಂದು ಕಡೆ ಅದು ಇದ್ದರೂ ಸರಿ, ಹೋದರೂ ಸರಿ. ಇನ್ನೊಂದು ಕಡೆ ಇಡೀ ಗುಟ್ಟು ನಿಂತಿದ್ದೇ ಅದರ ಮೇಲೆ. 2006ರಲ್ಲಿ ಡೆಬಿಯನ್ ಲಿನಕ್ಸ್‌ನವರು ಎರಡನ್ನೂ ಕಾಮೆಂಟ್ ಮಾಡಿ ಮುಚ್ಚಿದರು.

ಕಾರಣ ಕ್ಷುಲ್ಲಕವೇನಲ್ಲ. ಬೆಲೆಯನ್ನೇ ತುಂಬದ ಮೆಮೊರಿಯನ್ನು ಓದುತ್ತಿದ್ದೀರಿ ಎಂದು ವ್ಯಾಲ್‌ಗ್ರೈಂಡ್ ಎಂಬ ತಪಾಸಣೆಯ ತಂತ್ರಾಂಶ ತಕರಾರು ತೆಗೆಯುತ್ತಿತ್ತು. ಮೊದಲ ಸಾಲು ಮಾಡುತ್ತಿದ್ದುದೂ ಅದನ್ನೇ: ಮೆಮೊರಿಯಲ್ಲಿ ಬಿದ್ದಿದ್ದ ಹಳೆಯ ಕಸವನ್ನೂ ಇರಲಿ ಎಂದು ಬೆರೆಸುತ್ತಿತ್ತು. ಎರಡನೆಯದು ಹಾಗಲ್ಲ. ಕಂಪ್ಯೂಟರಿನಿಂದ ಬರುವ ನಿಜವಾದ ಅನಿಶ್ಚಿತತೆಯೆಲ್ಲ ಒಳಗೆ ಬರುತ್ತಿದ್ದುದೇ ಆ ಬಾಗಿಲಿನಿಂದ. ಅದು ಮುಚ್ಚಿದ ಮೇಲೆ ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ. ಆಗಿನ ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 32,768 ದಾಟುತ್ತಿರಲಿಲ್ಲ. ಊಹೆಗೂ ನಿಲುಕಬಾರದ ಕೀಲಿಗಳನ್ನು ಒಂದೊಂದಾಗಿ ಎಣಿಸಿ ಮುಗಿಸಬಹುದಾಯಿತು.

ಡೆಬಿಯನ್‌ನವರನ್ನು ಬೈಯುವುದು ಸುಲಭ. ಸಾಕಷ್ಟು ಬೈದದ್ದೂ ಆಯಿತು. ಆದರೆ ಅವರು ಓಪನ್‌ಎಸ್‌ಎಸ್‌ಎಲ್‌ನವರನ್ನು ಮೊದಲೇ ವಿಚಾರಿಸಿದ್ದರು; ತೆಗೆದರೆ ಅನಾಹುತವಾದೀತು ಎಂದು ಯಾರೂ ಎಚ್ಚರಿಸಲಿಲ್ಲ. ಕೋಡನ್ನೂ ಒಂದು ಬರವಣಿಗೆ ಎಂದೇ ಓದುವ ನನಗೆ ಹೆಚ್ಚು ಸಿಟ್ಟು ಬರುವುದು ಮೂಲದವರ ಮೇಲೆ. ಹೋದರೂ ನಡೆಯುವ ಸಾಲಿನ ಪಕ್ಕದಲ್ಲಿ, ತಪಾಸಣೆಯ ತಂತ್ರಾಂಶ ಇದಕ್ಕೆ ಗೊಣಗುತ್ತದೆ ಎಂಬ ಪುಟ್ಟ ಟಿಪ್ಪಣಿ ಇತ್ತು. ಪ್ರಾಣವೇ ಆಗಿದ್ದ ಸಾಲಿನ ಪಕ್ಕದಲ್ಲಿ ಒಂದು ಪದವೂ ಇಲ್ಲ. ಹೆಸರುಗಳೋ, ಎಂ, ಬಫ್, ಜೆ! ಗದ್ದೆಯಲ್ಲಿ ಕಾಡುಭತ್ತವೂ ಪೈರಿನ ಹಾಗೇ ಕಾಣುತ್ತದೆ, ಒಪ್ಪಿದೆ. ಆದರೆ ಇಲ್ಲಿ ಎರಡನ್ನೂ ಬಿತ್ತಿದವರು ಒಬ್ಬರೇ.

ಸುಮಾರು ಇಪ್ಪತ್ತು ತಿಂಗಳು ಇದು ಯಾರ ಕಣ್ಣಿಗೂ ಬೀಳಲಿಲ್ಲ. ಹುಟ್ಟಿದ ಕೀಲಿ ನೋಡಲು ಉದ್ದವಾಗಿಯೇ ಇರುತ್ತಿತ್ತು, ಬೀಗವೂ ತೆರೆಯುತ್ತಿತ್ತು. ಡೆಬಿಯನ್ನಿನವರೇ ಆದ ಲೂಸಿಯಾನೊ ಬೆಲ್ಲೊ ಪತ್ತೆಹಚ್ಚಿದ ಮೇಲೆ 2008ರ ಮೇ 13ರಂದು ಡೆಬಿಯನ್ ಪ್ರಕಟಣೆ ಹೊರಡಿಸಿತು. ಸಾಲನ್ನು ಮತ್ತೆ ತೆರೆದದ್ದು ಚಿಕ್ಕ ಕೆಲಸ. ಅಷ್ಟರಲ್ಲಿ ದೋಷ ಡೆಬಿಯನ್ ಆಧಾರಿತ ಉಬುಂಟುವಿಗೂ ಹರಡಿತ್ತು; ಹುಟ್ಟಿದ ಕೀಲಿಗಳು ಡೆಬಿಯನ್ನಿನ ಗಾಳಿಯೂ ಸೋಕದ ಸರ್ವರುಗಳಿಗೆ ನಕಲಾಗಿ ಹೋಗಿದ್ದವು. ಕೊನೆಗೆ ದುರ್ಬಲ ಕೀಲಿಗಳನ್ನೆಲ್ಲ ಪಟ್ಟಿ ಮಾಡಿ, ಇವು ಕಂಡರೆ ಒಳಗೆ ಬಿಡಬೇಡಿ ಎಂದು ಆ ಪಟ್ಟಿಯನ್ನೇ ಒಂದು ಪ್ಯಾಕೇಜಾಗಿ ಹಂಚಬೇಕಾಯಿತು.